ಲಾರಿಯ ಮುಂದಿನ ಆಕ್ಸಲ್ ಇಳಿಸುವ ಮೊದಲು: ದೋಷ ನಿಜವಾಗಿ ಎಲ್ಲಿದೆ?

ಸ್ಟೇರಿಂಗ್ ನಡುಗುತ್ತದೆ. ಗಾಡಿ ಒಂದು ಕಡೆಗೆ ಎಳೆಯುತ್ತದೆ. ಮುಂದಿನ ಟೈರ್ ಒಂದೇ ಅಂಚಿನಲ್ಲಿ ತಿಂದುಹೋಗಿದೆ. ಇಷ್ಟು ಕಂಡರೆ ಸಾಕು, "ಆಕ್ಸಲ್ ಬೆಂಡ್ ಆಗಿದೆ, ಇಳಿಸಲೇಬೇಕು" ಎಂದು ಯಾರಾದರೂ ಹೇಳಿಬಿಡುತ್ತಾರೆ. ಆದರೆ ಲಾರಿಯ ಮುಂದಿನ ಆಕ್ಸಲ್ ಬೀಮ್ ಕಾಯಿಸಿ ಬಡಿದು ಹದ ಮಾಡಿದ ಉಕ್ಕು. ಅದು ಅಷ್ಟು ಸುಲಭವಾಗಿ ಕೆಡುವುದಿಲ್ಲ. ಕೆಡುವುದು ಜಾಸ್ತಿ ಅದಕ್ಕೆ ಜೋಡಿಸಿರುವ ಸಾಮಾನು: ಕಿಂಗ್ ಪಿನ್ (ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾದ ನಿಂತ ಪಿನ್) ಬುಷ್, ಚಕ್ರದ ಬೇರಿಂಗ್, ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಕಂಬಿ) ಎಂಡ್, ಕಮಾನ್ ಪಟ್ಟಿಯ (ಲೀಫ್ ಸ್ಪ್ರಿಂಗ್) ಪದರಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್. ಇವುಗಳಲ್ಲಿ ಬಹುಪಾಲು ಕೆಲಸ ಆಕ್ಸಲ್ ಗಾಡಿಯಲ್ಲೇ ಇರುವಾಗ ಮಾಡಬಹುದು.

ಹಾಗಾಗಿ ಈ ಬರಹದ ಅರ್ಧಕ್ಕಿಂತ ಹೆಚ್ಚು ಭಾಗ ಇಳಿಸುವುದರ ಬಗ್ಗೆ ಅಲ್ಲ, ಇಳಿಸಬೇಕೋ ಬೇಡವೋ ಎಂದು ತಿಳಿಯುವುದರ ಬಗ್ಗೆ. ಇಲ್ಲಿ ಹೇಳುತ್ತಿರುವುದು ಕಮಾನ್ ಪಟ್ಟಿ ಮೇಲೆ ಕೂತ, ಎಂಜಿನ್ನಿನ ಶಕ್ತಿ ಬಾರದ, ಏರ್ ಬ್ರೇಕ್ ಇರುವ ಸಾಮಾನ್ಯ ಬೀಮ್ ಆಕ್ಸಲ್. ಮುಂದಿನ ಚಕ್ರಕ್ಕೂ ಡ್ರೈವ್ ಇರುವ ಗಾಡಿಯ ಲೆಕ್ಕವೇ ಬೇರೆ.

ಎತ್ತುವ ಮೊದಲು ನೋಡುವುದು

ಜಾಕ್ ಮುಟ್ಟುವ ಮೊದಲು ಟೈರ್ ಮೇಲೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪು, ವಾಪಸ್ ಎಳೆದರೆ ಗರಗಸದ ಹಾಗೆ ಚುಚ್ಚುತ್ತದೆ ಎಂದರೆ ಟೋ (ಮೇಲಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿದೆ. ಅದಕ್ಕೆ ಟೈ ರಾಡ್ ನೋಡಬೇಕು, ಆಕ್ಸಲ್ ಅಲ್ಲ. ಒಂದೇ ಅಂಚು ಒಂದೇ ಸಮನೆ ಸವೆದಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮೇಲೆ ಅನುಮಾನ. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಬೇರಿಂಗ್ ಸಡಿಲ, ಶಾಕ್ ಅಬ್ಸಾರ್ಬರ್ ಸತ್ತಿರುವುದು, ಚಕ್ರದ ಬ್ಯಾಲೆನ್ಸ್ ತಪ್ಪಿರುವುದು, ಈ ಮೂರರಲ್ಲಿ ಒಂದು.

ಗಾಡಿ ಎಳೆಯುತ್ತದೆ ಎನ್ನುವವರು ಮೊದಲು ಗಾಳಿ ನೋಡಿ. ಆಮೇಲೆ ಮುಂದಿನ ಎರಡು ಚಕ್ರಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿ ಓಡಿಸಿ. ಎಳೆತ ಇನ್ನೊಂದು ಕಡೆಗೆ ತಿರುಗಿತೇ? ಟೈರ್‌ನದೇ ತಪ್ಪು. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಬ್ರೇಕ್‌ನ ಕೆಲಸ. ಒಂದು ಕಡೆಯ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕ್ ಶೂ ಮತ್ತು ಡ್ರಮ್ ನಡುವಿನ ಸಂದಿ ಹೊಂದಿಸುವ ತೋಳು) ಸಡಿಲ ಇರಬಹುದು, ಲೈನಿಂಗ್‌ಗೆ ಗ್ರೀಸ್ ತಾಗಿರಬಹುದು. ಸುಮ್ನೆ ಹೋಗುವಾಗಲೂ ಎಳೆಯುತ್ತಿದ್ದರೆ ಮಾತ್ರ ಮುಂದಕ್ಕೆ ಹೋಗೋಣ.

ಈಗ ಟೇಪ್ ಹಿಡಿಯಿರಿ. ಕಮಾನ್ ಪಟ್ಟಿಯ ಎರಡು ತುದಿಗಳಲ್ಲಿ ಒಂದು ಪಿನ್ ಅಲುಗದೆ ನಿಂತಿರುತ್ತದೆ, ಇನ್ನೊಂದು ಶ್ಯಾಕಲ್‌ನಲ್ಲಿ ತೂಗುತ್ತದೆ. ಅಲುಗದ ಪಿನ್‌ನ ನಡುಮಧ್ಯದಿಂದ ಆಕ್ಸಲ್‌ನ ನಡುಮಧ್ಯಕ್ಕೆ ಎಷ್ಟು ದೂರ ಎಂದು ಎರಡೂ ಕಡೆ ಅಳೆಯಿರಿ. ಶ್ಯಾಕಲ್ ಕಡೆಯಿಂದ ಅಳೆದರೆ ಲೆಕ್ಕ ಸಿಗುವುದಿಲ್ಲ, ಅದು ಭಾರಕ್ಕೆ ತಕ್ಕಂತೆ ಓಡಾಡುತ್ತದೆ. ಎರಡೂ ಅಳತೆ ಒಂದೇ ಇರಬೇಕು. ಒಂದು ಕಡೆ ಕೆಲವು ಮಿ.ಮೀ. ವ್ಯತ್ಯಾಸ ಕಂಡರೆ ಆಕ್ಸಲ್ ಜಾರಿದೆ. ಜಾರಿದ ಕಡೆ, ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಬುಡದಲ್ಲಿ ಕಣ್ಣಿಟ್ಟು ನೋಡಿ. ಸುತ್ತಲೂ ಮಣ್ಣು, ತುಕ್ಕು ಮೆತ್ತಿರುವ ಜಾಗದಲ್ಲಿ ಒಂದು ಗೆರೆ ಮಾತ್ರ ಬೆಳ್ಳಗೆ ಉಜ್ಜಿದ ಹಾಗೆ ಹೊಳೆಯುತ್ತಿರುತ್ತದೆ. ಅಲ್ಲಿ ಸೆಂಟರ್ ಬೋಲ್ಟ್ ತುಂಡಾಗಿದೆ ಎಂದೇ ತಿಳಿಯಿರಿ. ಇದಕ್ಕೆ ಆ ಕಡೆಯ ಕಮಾನ್ ಬಿಚ್ಚಿದರೆ ಸಾಕು, ಆಕ್ಸಲ್ ಪೂರ್ತಿ ಇಳಿಸಬೇಕಿಲ್ಲ. ಆದರೆ ಬೋಲ್ಟಿನ ತಲೆ ಕೂರುವ ಆಕ್ಸಲ್‌ನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ವಿಷಯ ಬೇರೆ. ಸಡಿಲವಾದ ಯು ಬೋಲ್ಟ್‌ನಲ್ಲಿ ಬಹಳ ದಿನ ಓಡಿಸಿದ ಗಾಡಿಗಳಲ್ಲಿ ಹೀಗಾಗುತ್ತದೆ.

ಕೊನೆಗೆ ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕ್ (ಸ್ಟೇರಿಂಗ್‌ನಿಂದ ಚಕ್ರದ ಕಡೆಗೆ ಬರುವ ಕಂಬಿ). ಇದನ್ನು ಚಕ್ರ ನೆಲದ ಮೇಲೆ ಇರುವಾಗಲೇ ನೋಡಬೇಕು. ಒಬ್ಬರು ಒಳಗೆ ಕೂತು ಸ್ಟೇರಿಂಗ್ ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಅಲ್ಲಾಡಿಸಲಿ. ಪವರ್ ಸ್ಟೇರಿಂಗ್ ಆದರೆ ಎಂಜಿನ್ ಓಡುತ್ತಿರಲಿ. ನೀವು ಒಂದೊಂದೇ ಜಾಯಿಂಟ್ ಹತ್ತಿರ ನೋಡಿ. ಒಂದು ಕಡೆಯ ಕಂಬಿ ಅಲುಗಿ ಆಮೇಲೆ ಇನ್ನೊಂದು ಕಡೆ ಅಲುಗಿದರೆ ಆ ಜಾಯಿಂಟ್ ಹೋಗಿದೆ. ಹಾರೆ ಹಾಕಿ ಮೀಟಿ ನೋಡುವುದು ಬೇಡ, ಒಳ್ಳೆಯ ಜಾಯಿಂಟ್ ಕೂಡ ಹಾರೆಗೆ ಅಲುಗುತ್ತದೆ.

ಕಿಂಗ್ ಪಿನ್ನೋ ಬೇರಿಂಗೋ?

ಜಾಸ್ತಿ ಜನ ಎಡವುವುದು ಇಲ್ಲಿ. ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಎರಡೂ ಕಡೆ ಬೆಣೆ ಕೊಟ್ಟು, ಆಕ್ಸಲ್ ಕೆಳಗೆ ಜಾಕ್ ಇಟ್ಟು, ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಿ. ಪಕ್ಕದಲ್ಲೇ ಸ್ಟ್ಯಾಂಡ್ ಕೊಡಿ. ಟೈರಿನ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. 'ಟಕ್' ಎನ್ನುತ್ತದೆ. ಈ ಟಕ್ ಕಿಂಗ್ ಪಿನ್‌ನದ್ದೂ ಇರಬಹುದು, ಬೇರಿಂಗ್‌ನದ್ದೂ ಇರಬಹುದು.

ಬೇರೆ ಮಾಡುವುದು ಸುಲಭ. ಟ್ಯಾಂಕಿನಲ್ಲಿ ಗಾಳಿ ತುಂಬಿರಲಿ. ಇನ್ನೊಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿಯಲಿ, ನೀವು ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಶೂಗಳು ಡ್ರಮ್ ಹಿಡಿಯುತ್ತವೆ. ಶೂಗಳ ಪ್ಲೇಟ್ ಸ್ಟಬ್ ಆಕ್ಸಲ್‌ಗೆ (ಕಿಂಗ್ ಪಿನ್ ಮೇಲೆ ತಿರುಗುವ, ಚಕ್ರ ಕೂರುವ ತುಂಡು) ಬಿಗಿದಿರುವುದರಿಂದ ಹಬ್ ಮತ್ತು ಸ್ಟಬ್ ಆಕ್ಸಲ್ ಒಂದೇ ತುಂಡಿನಂತೆ ಆಗುತ್ತವೆ. ಬೇರಿಂಗ್ ಪ್ಲೇ (ಸಡಿಲ) ಆಗ ಮಾಯ. ಈಗಲೂ ಟಕ್ ಉಳಿದಿದ್ದರೆ ಅದು ಕಿಂಗ್ ಪಿನ್. ಹೋಯಿತು ಎಂದರೆ ಬೇರಿಂಗ್. ಮೊದಲಿಗಿಂತ ಕಡಿಮೆ ಆಗಿ ಸ್ವಲ್ಪ ಉಳಿದರೆ ಎರಡೂ.

ಬೇರಿಂಗ್ ಆದರೆ ನಿಮ್ಮ ಅದೃಷ್ಟ. ಹಬ್ ಬಿಚ್ಚಿ, ರೋಲರ್ ನೋಡಿ, ನಟ್ ಸರಿಯಾಗಿ ಬಿಗಿದರೆ ಮುಗಿಯಿತು. ಕೈಯಲ್ಲಿ ಹೊಂದಿಸುವ ಟೇಪರ್ ಬೇರಿಂಗ್‌ನಲ್ಲಿ 0.025ರಿಂದ 0.127 ಮಿ.ಮೀ. ಒಳಹೊರ ಪ್ಲೇ ಇರಬೇಕು ಎನ್ನುವುದು ರೂಢಿಯ ಲೆಕ್ಕ. ಪ್ಲೇ ಪೂರ್ತಿ ತೆಗೆದು ಬಿಗಿ ಮಾಡಿದರೆ ಬೇರಿಂಗ್ ಸುಟ್ಟುಹೋಗುತ್ತದೆ. ಇದನ್ನು ಕೈಯಂದಾಜಿಗೆ ಬಿಡಬೇಡಿ, ಡಯಲ್ ಗೇಜ್ (ಅತಿ ಸಣ್ಣ ಅಲುಗಾಟ ಅಳೆಯುವ ಸಾಧನ) ಹಾಕಿ ನೋಡಿ.

ಕಿಂಗ್ ಪಿನ್ ಆದರೂ ಡಯಲ್ ಗೇಜ್ ಬೇಕು. ಮ್ಯಾಗ್ನೆಟ್ ಬುಡವನ್ನು ಆಕ್ಸಲ್ ಮೇಲೆ ಕೂರಿಸಿ, ಮುಳ್ಳು ಸ್ಟಬ್ ಆಕ್ಸಲ್‌ನ ಮೇಲ್ಭಾಗ ಮುಟ್ಟುವಂತೆ ಇಟ್ಟು ಅಲ್ಲಾಡಿಸಿ. ಆಮೇಲೆ ಕೆಳಭಾಗಕ್ಕೆ ಇಟ್ಟು ಇನ್ನೊಮ್ಮೆ. ಮೇಲಿನ ಬುಷ್, ಕೆಳಗಿನ ಬುಷ್ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ತಯಾರಕರ ಮಿತಿ ಸಾಮಾನ್ಯವಾಗಿ 0.25 ಮಿ.ಮೀ. ಸುತ್ತಮುತ್ತ ಇರುತ್ತದೆ, ಕೆಲವರು ಸ್ವಲ್ಪ ಜಾಸ್ತಿ ಬಿಡುತ್ತಾರೆ. ನಿಮ್ಮ ಗಾಡಿಯ ಪುಸ್ತಕದ ಅಂಕಿಯೇ ಕೊನೆಯ ಮಾತು. ಈ ಅಳತೆಯನ್ನು ರಿಮ್ ಅಂಚಿನಲ್ಲಿ ತೆಗೆದು ಗಾಬರಿಯಾಗಬೇಡಿ. ಕಿಂಗ್ ಪಿನ್‌ನಿಂದ ದೂರ ಹೋದಷ್ಟೂ ಅದೇ ಸಡಿಲ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಪರೀಕ್ಷೆಯನ್ನು ಬಿಡಲೇಬೇಡಿ. ಆಕ್ಸಲ್ ಕಣ್ಣಿನ (ಕಿಂಗ್ ಪಿನ್ ಕೂರುವ ತೂತು) ಕೆಳಗೆ, ಪಿನ್ ಮತ್ತು ಆಕ್ಸಲ್ ಸೇರುವ ಸಂದಿಗೆ ಬೆರಳಿಟ್ಟು ಇನ್ನೊಬ್ಬರಿಂದ ಚಕ್ರ ಅಲ್ಲಾಡಿಸಿ. ಪಿನ್ ತಿರುಗುವುದು ಬುಷ್ ಒಳಗೆ ಮಾತ್ರ. ಆಕ್ಸಲ್ ಕಣ್ಣಿನಲ್ಲಿ ಅದು ಕಚ್ಚಿ ಕೂತಿರಬೇಕು. ಅಲ್ಲಿ ಅಲುಗಾಟ ಬೆರಳಿಗೆ ತಾಗಿದರೆ, ಗ್ರೀಸ್ ಜೊತೆ ಕುಂಕುಮದಂಥ ಕೆಂಪು ಪುಡಿ ಹೊರಬಂದಿದ್ದರೆ, ಆಕ್ಸಲ್‌ನ ಕಣ್ಣೇ ಸವೆದಿದೆ. ಎಷ್ಟು ಹೊಸ ಪಿನ್ ಹಾಕಿದರೂ ನಿಲ್ಲುವುದಿಲ್ಲ. ಕಿಂಗ್ ಪಿನ್ ಅಲುಗದಂತೆ ಹಿಡಿಯುವ ಲಾಕ್ ಪಿನ್ ಸಡಿಲ ಬಿಟ್ಟು ಓಡಿಸಿದ ಗಾಡಿಯಲ್ಲಿ ಇದು ಬರುತ್ತದೆ. ಇದು ಆಕ್ಸಲ್ ಇಳಿಸಲು ನಿಜವಾದ ಕಾರಣ.

ಬುಷ್ ಮಾತ್ರ ಸವೆದಿದ್ದರೆ ಯಾಕೆ ಸವೆಯಿತು ಎಂದೂ ನೋಡಿ. ಚಕ್ರ ಎತ್ತಿರುವಾಗಲೇ ನಿಪ್ಪಲ್‌ಗೆ ಗ್ರೀಸ್ ಹೊಡೆಯಿರಿ. ಭಾರ ಇಳಿದಿರುವುದರಿಂದ, ಗಾಡಿಯ ಭಾರ ಹೊರುವ ಥ್ರಸ್ಟ್ ಬೇರಿಂಗ್ ಸಂದಿಗೂ ಗ್ರೀಸ್ ಹೋಗುತ್ತದೆ. ಚಕ್ರ ನೆಲದ ಮೇಲೆ ಇರುವಾಗ ಹೊಡೆದರೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹಳೇ ಗ್ರೀಸ್ ಹೊರಗೆ ಬರಬೇಕು. ಯಾವ ಬುಷ್ ಕಡೆ ಬರಲಿಲ್ಲವೋ ಅಲ್ಲಿ ದಾರಿ ಮುಚ್ಚಿದೆ. ಹೊಸ ಬುಷ್ ಹಾಕುವಾಗ ಅದರ ತೂತು ಗ್ರೀಸ್ ದಾರಿಗೆ ಸರಿಯಾಗಿ ಬರದಿದ್ದರೂ ಇದೇ ಗತಿ.

ಬೀಮ್ ನಿಜವಾಗಿ ಬೆಂಡ್ ಆಗಿದೆಯೇ?

ದೊಡ್ಡ ಗುಂಡಿಗೆ ಬಿದ್ದದ್ದು, ಕಲ್ಲಿಗೆ ಹೊಡೆದದ್ದು, ಆಕ್ಸಲ್‌ಗೆ ಸರಪಳಿ ಕಟ್ಟಿ ಎಳೆಸಿದ್ದು, ಇಂಥ ಇತಿಹಾಸ ಇದ್ದರೆ ಈ ಪ್ರಶ್ನೆ ಏಳುತ್ತದೆ. ಅಲೈನ್‌ಮೆಂಟ್ ಯಂತ್ರದಲ್ಲಿ ಕ್ಯಾಂಬರ್ ಜೊತೆ ಕಿಂಗ್ ಪಿನ್ ಓರೆಯ ಕೋನವನ್ನೂ ತೆಗೆಸಿಕೊಳ್ಳಿ. ಎರಡನ್ನೂ ಕೂಡಿಸಿ. ಕ್ಯಾಂಬರ್ ತಪ್ಪಿದೆ, ಆದರೆ ಮೊತ್ತ ಪುಸ್ತಕದಲ್ಲಿ ಇದ್ದಷ್ಟೇ ಇದೆ ಎಂದರೆ ಬೀಮ್ ಬಾಗಿದೆ. ಮೊತ್ತವೇ ತಪ್ಪಿದ್ದರೆ ಸ್ಟಬ್ ಆಕ್ಸಲ್ ಬಾಗಿದೆ. ಆಗ ಸ್ಟಬ್ ಆಕ್ಸಲ್ ಬದಲಿಸಿದರೆ ಸಾಕು. ಇಷ್ಟು ಸಣ್ಣ ಕೂಡುವ ಲೆಕ್ಕ ಮಾಡದೆ ಬೀಮ್ ಇಳಿಸಿದವರು ಎಷ್ಟೋ ಜನ. ಒಂದು ಎಚ್ಚರ: ಕಿಂಗ್ ಪಿನ್ ಅಥವಾ ಬೇರಿಂಗ್‌ನಲ್ಲಿ ಪ್ಲೇ ಇರುವಾಗ ತೆಗೆದ ಕೋನಗಳನ್ನು ನಂಬಬೇಡಿ.

ಬಿರುಕು ಹುಡುಕಲು ಹಳೇ ಉಪಾಯ ಈಗಲೂ ನಡೆಯುತ್ತದೆ. ಬೀಮನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರೆಸಿ ಮೇಲೆ ಸೀಮೆಸುಣ್ಣ ಬಳಿಯಿರಿ. ಬಿರುಕು ಇದ್ದರೆ ಒಳಗಿನ ಎಣ್ಣೆ ಹೊರಬಂದು ಬಿಳಿ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕಮಾನ್ ಕೂರುವ ಜಾಗದ ಅಂಚು, ಬೀಮ್ ಮೇಲಕ್ಕೆ ಬಾಗುವ ತಿರುವು, ಕಿಂಗ್ ಪಿನ್ ಕಣ್ಣಿನ ಸುತ್ತ, ಇಲ್ಲೆಲ್ಲ ನೋಡಿ. ಗೆರೆ ಕಂಡ ಬೀಮ್ ಗುಜರಿಗೆ. ವೆಲ್ಡ್ ಮಾಡಿ ಓಡಿಸುವ ಮಾತೇ ಬೇಡ. ಕಾಯಿಸಿ ನೆಟ್ಟಗೆ ಮಾಡುವುದೂ ಬೇಡ, ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ. ತಯಾರಕರು ಒಪ್ಪಿದರೆ ತಣ್ಣಗಿರುವಾಗ ಪ್ರೆಸ್‌ನಲ್ಲಿ ಸ್ವಲ್ಪ ಸರಿಪಡಿಸಬಹುದು. ಅದು ಮನೆಯ ಕೆಲಸ ಅಲ್ಲ.

ಒಟ್ಟಿನಲ್ಲಿ ಆಕ್ಸಲ್ ಇಳಿಸಬೇಕಾದ ಕಾರಣಗಳು ಇಷ್ಟೇ: ಬೀಮ್ ಬಾಗಿದೆ ಅಥವಾ ಬಿರುಕು ಬಿಟ್ಟಿದೆ, ಕಿಂಗ್ ಪಿನ್ ಕಣ್ಣು ಸವೆದಿದೆ, ಕಮಾನ್ ಕೂರುವ ಜಾಗ ಹಾಳಾಗಿದೆ. ನಾಲ್ಕನೆಯದು ಒಂದಿದೆ. ಕಿಂಗ್ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡು, ಕೈಯಲ್ಲಿ ಎಷ್ಟು ಮಾಡಿದರೂ ಬರುತ್ತಿಲ್ಲ. ಗಾಡಿಯ ಕೆಳಗೆ ಮಲಗಿ ದೊಡ್ಡ ಸುತ್ತಿಗೆ ಬೀಸುವುದಕ್ಕಿಂತ ಆಕ್ಸಲ್ ಇಳಿಸಿ ಪ್ರೆಸ್ ಇರುವ ಕಡೆ ಒಯ್ಯುವುದು ಬುದ್ಧಿವಂತಿಕೆ. ಹೊಡೆಯುವ ಮೊದಲು ಲಾಕ್ ಪಿನ್ ಪೂರ್ತಿ ಹೊರಬಂದಿದೆಯೇ ಎಂದು ನೋಡಿ. ಅದು ಒಳಗೆ ಇರುವಾಗ ಕಿಂಗ್ ಪಿನ್ ಬರುವುದೇ ಇಲ್ಲ.

ಇಳಿಸುವುದು

ನೆಲ ಸಮತಟ್ಟಾದ ಕಾಂಕ್ರೀಟ್ ಆಗಿರಬೇಕು. ಮಣ್ಣು ನೆಲದಲ್ಲಿ ಈ ಕೆಲಸ ಬೇಡ ಎಂದೇ ನನ್ನ ಅಭಿಪ್ರಾಯ. ಹಲಗೆ ಹಾಕಿಕೊಳ್ಳುತ್ತೇನೆ ಎನ್ನುವವರು ಇದ್ದಾರೆ, ಆದರೆ ಕೆಲಸ ಒಂದು ದಿನದಲ್ಲಿ ಮುಗಿಯದೆ ರಾತ್ರಿ ಮಳೆ ಬಂದರೆ? ಸ್ಟ್ಯಾಂಡ್ ವಿಷಯದಲ್ಲೂ ಹಾಗೆಯೇ. ಗಾಡಿಯ ಪ್ಲೇಟಿನಲ್ಲಿ ಮುಂದಿನ ಆಕ್ಸಲ್‌ನ ಭಾರ ಬರೆದಿರುತ್ತದೆ. ಒಂದೊಂದು ಸ್ಟ್ಯಾಂಡೂ ಅಷ್ಟು ಪೂರ್ತಿ ಹೊರುವಂಥದ್ದಾದರೆ ನೆಮ್ಮದಿ. ಕಾರಿನ ಸ್ಟ್ಯಾಂಡ್, ಇಟ್ಟಿಗೆ, ಹಳೇ ರಿಮ್, ಯಾವುದೂ ಬೇಡ. ಹೈಡ್ರಾಲಿಕ್ ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಅಲ್ಲ. ಒಬ್ಬರೇ ಇರುವಾಗ ಈ ಕೆಲಸ ಶುರು ಮಾಡಬೇಡಿ.

ಪಾರ್ಕಿಂಗ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಬೆಣೆ ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲೆ ಇರುವಾಗಲೇ ಸಡಿಲಿಸಿ. ಹಳೇ ಗಾಡಿಗಳಲ್ಲಿ ಎಡಗಡೆ ಚಕ್ರಕ್ಕೆ ಎಡ ಮರೆ (ಉಲ್ಟಾ ದಿಕ್ಕಿಗೆ ತಿರುಗಿಸಿ ಬಿಚ್ಚುವ ಥ್ರೆಡ್) ಇರುವುದುಂಟು. ಬರುತ್ತಿಲ್ಲ ಎಂದು ಪೈಪ್ ಹಾಕಿ ಜಗ್ಗುವ ಮೊದಲು ಸ್ಟಡ್ ತುದಿಯ ಗುರುತು ನೋಡಿ.

ಆಕ್ಸಲ್ ಕೆಳಗಿಂದ ಎತ್ತಿ, ಕಮಾನ್‌ನ ಹಿಂದಿನ ಬ್ರಾಕೆಟ್ ದಾಟಿದ ಮೇಲೆ ಚಾಸಿಸ್ ಕಂಬಿಗಳ ಕೆಳಗೆ ಸ್ಟ್ಯಾಂಡ್ ಇಟ್ಟು, ಭಾರ ನಿಧಾನವಾಗಿ ಸ್ಟ್ಯಾಂಡ್ ಮೇಲೆ ಬಿಡಿ. ಬಿಟ್ಟ ಮೇಲೆ ಗಾಡಿಯನ್ನು ಪಕ್ಕದಿಂದ ತಳ್ಳಿ ನೋಡಿ. ಅಲುಗಿದರೆ ಮತ್ತೆ ಎತ್ತಿ ಸರಿಮಾಡಿ.

ಆಮೇಲೆ ಟ್ಯಾಂಕಿನ ಗಾಳಿ ಖಾಲಿ ಮಾಡಿ. ಹಿಂದಿನ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಹಿಡಿಯುತ್ತದೆ, ಅದು ಒಳ್ಳೆಯದೇ. ಮುಂದೆ ಸಾಮಾನ್ಯವಾಗಿ ಸ್ಪ್ರಿಂಗ್ ಇಲ್ಲದ ಚೇಂಬರ್ (ಗಾಳಿಯಿಂದ ಬ್ರೇಕ್ ಒತ್ತುವ ಡಬ್ಬ) ಇರುತ್ತದೆ. ನಿಮ್ಮದರಲ್ಲಿ ಎರಡು ಡಬ್ಬ ಜೋಡಿಸಿದ ಹಾಗೆ ಉದ್ದದ ಚೇಂಬರ್ ಇದ್ದರೆ ಮೊದಲು ಅದರ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಕಟ್ಟಿಹಾಕಬೇಕು. ಚೇಂಬರ್‌ನ ಸುತ್ತಿನ ಪಟ್ಟಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ಪ್ರಾಣ ತೆಗೆಯುವಷ್ಟು ಜೋರಾಗಿ ಹಾರುತ್ತದೆ.

ಚಕ್ರ ಸಮೇತ ಆಕ್ಸಲ್ಲನ್ನು ಉರುಳಿಸಿಕೊಂಡು ಹೊರಗೆ ತರಬಹುದಲ್ವಾ ಎಂದು ಕೇಳುವವರಿದ್ದಾರೆ. ತರಬಹುದು. ಆದರೆ ಕಮಾನ್ ಬಿಚ್ಚಿದ ಕೂಡಲೇ ಬೀಮ್ ಚಕ್ರಗಳ ನಡುವೆ ಗಿರಕಿ ಹೊಡೆಯುತ್ತದೆ, ಚಕ್ರಗಳು ತಮಗೆ ಬೇಕಾದ ಕಡೆ ತಿರುಗುತ್ತವೆ. ಜೊತೆಗೆ ಚಾಸಿಸ್ ತುಂಬ ಎತ್ತರಕ್ಕೆ ಏರಿಸಬೇಕು. ಚಕ್ರ, ಡ್ರಮ್ ತೆಗೆದು ಹಗುರ ಮಾಡಿಯೇ ಇಳಿಸಿ ಎನ್ನುತ್ತೇನೆ. ದೊಡ್ಡ ಲಾರಿಯಲ್ಲಿ ಬೀಮ್ ಮತ್ತು ಸ್ಟಬ್ ಆಕ್ಸಲ್ ಸೇರಿಯೇ 150 ಕೆಜಿ ದಾಟುವುದು ಸಾಮಾನ್ಯ. ಡ್ರಮ್ ತೆಗೆದಾಗ ಧೂಳನ್ನು ಗಾಳಿಯಲ್ಲಿ ಊದಬೇಡಿ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಬ್ರೇಕ್ ಹೋಸ್ ಬಿಚ್ಚಿ ಬಾಯಿಗೆ ಟೇಪ್ ಸುತ್ತಿ. ಎಬಿಎಸ್ ಸೆನ್ಸರ್ ಇದ್ದರೆ ಕೈಯಲ್ಲಿ ತಿರುಚುತ್ತಾ ಎಳೆಯಿರಿ, ವೈರ್ ಹಿಡಿದು ಜಗ್ಗಬೇಡಿ. ಡ್ರ್ಯಾಗ್ ಲಿಂಕ್ ಬಿಚ್ಚುವ ಮೊದಲು ಸ್ಟೇರಿಂಗ್ ನೇರಕ್ಕೆ ತಂದು ಕಟ್ಟಿ. ಸ್ಪ್ಲಿಟ್ ಪಿನ್ ತೆಗೆದು, ನಟ್ ಅನ್ನು ಮರೆಯ ತುದಿಗೆ ಸಮ ಬರುವಷ್ಟು ಸಡಿಲಿಸಿ ಅಲ್ಲೇ ಬಿಡಿ. ಆಮೇಲೆ ಆರ್ಮ್‌ನ ಕಣ್ಣಿಗೆ ಎರಡೂ ಬದಿಯಿಂದ ಎರಡು ಸುತ್ತಿಗೆಯಲ್ಲಿ ಒಟ್ಟಿಗೆ ಹೊಡೆದರೆ ಕಚ್ಚಿದ್ದು ಬಿಡುತ್ತದೆ. ನಟ್ ಇರುವುದರಿಂದ ಲಿಂಕ್ ಮುಖಕ್ಕೆ ಬೀಳುವುದಿಲ್ಲ. ಶಾಕ್ ಅಬ್ಸಾರ್ಬರ್‌ನ ಕೆಳತುದಿ, ಸ್ಟೆಬಿಲೈಸರ್ ಬಾರ್ ಬಿಚ್ಚುವುದರಲ್ಲಿ ಹೇಳುವಂಥದ್ದೇನಿಲ್ಲ.

ಯು ಬೋಲ್ಟ್ ಹತ್ತಿರ ಬಂದಾಗ ನಿಲ್ಲಿ. ಹಲವು ಗಾಡಿಗಳಲ್ಲಿ ಕಮಾನ್ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ತಗಡು ಇರುತ್ತದೆ. ಅದರ ದಪ್ಪ ಬದಿ ಯಾವ ಕಡೆಗಿದೆ, ಎಡದ್ದು ಯಾವುದು, ಬಲದ್ದು ಯಾವುದು, ಬಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆಯಿರಿ. ಈ ತಗಡೇ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಕಿಂಗ್ ಪಿನ್ ವಾಲಿರುವ ಕೋನ) ತೀರ್ಮಾನಿಸುವುದು. ತಿರುಗಿಸಿ ಹಾಕಿದರೆ ಸ್ಟೇರಿಂಗ್ ವಾಪಸ್ ಬರುವುದನ್ನೇ ಮರೆಯುತ್ತದೆ. ಪಟ್ಟಿಗಳಿಗೆ ಒಂದು ಸಿ ಕ್ಲ್ಯಾಂಪ್ ಬಿಗಿಯಿರಿ. ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಯು ಬೋಲ್ಟ್ ತೆಗೆದೊಡನೆ ಪಟ್ಟಿಗಳು ಚದುರುತ್ತವೆ.

ಎರಡು ಜಾಕ್ ಬೇಕು, ಒಂದೊಂದು ಕಮಾನ್ ಜಾಗದ ಪಕ್ಕಕ್ಕೆ ಒಂದೊಂದು. ನಡುವೆ ಒಂದೇ ಜಾಕ್ ಇಟ್ಟರೆ ಬೀಮ್ ತಕ್ಕಡಿಯಾಗಿ ವಾಲುತ್ತದೆ. ಜಾಕ್ ಭಾರ ಹಿಡಿದ ಮೇಲೆ ಯು ಬೋಲ್ಟ್ ನಟ್ ತೆಗೆಯಿರಿ. ತುಕ್ಕು ಹಿಡಿದಿದ್ದರೆ ಗ್ರೈಂಡರ್‌ನಲ್ಲಿ ಕತ್ತರಿಸಿ, ಹೇಗೂ ಅವನ್ನು ಮತ್ತೆ ಹಾಕುವಂತಿಲ್ಲ. ಇಬ್ಬರೂ ಒಟ್ಟಿಗೆ ಸ್ವಲ್ಪ ಸ್ವಲ್ಪವೇ ಇಳಿಸಿ. ಕಾಲು, ಕೈ ಬೀಮ್ ಕೆಳಗೆ ಬರದಿರಲಿ.

ಕೆಳಗೆ ಬಂದ ಮೇಲೆ ಬೀಮನ್ನು ಇನ್ನೊಮ್ಮೆ ಪರೀಕ್ಷಿಸಿ. ಎರಡು ಕಮಾನ್ ಜಾಗಗಳ ಮೇಲೂ ಒಂದೊಂದು ನೆಟ್ಟಗಿನ ಕಬ್ಬಿಣದ ಪಟ್ಟಿ ಅಡ್ಡಲಾಗಿ ಇಡಿ. ಒಂದು ತುದಿಯಲ್ಲಿ ಕೂತು ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಎರಡರ ಅಂಚೂ ಒಂದೇ ಗೆರೆಗೆ ಬರದೆ ಓರೆ ಕಂಡರೆ ಬೀಮ್ ತಿರುಚಿಕೊಂಡಿದೆ. ಕಿಂಗ್ ಪಿನ್ ಕಣ್ಣುಗಳ ನಡುಮಧ್ಯಕ್ಕೆ ಒಂದು ತಂತಿ ಬಿಗಿಯಾಗಿ ಎಳೆದು, ತಂತಿಯಿಂದ ಎರಡು ಸೆಂಟರ್ ಬೋಲ್ಟ್ ತೂತುಗಳ ದೂರ ಅಳೆದರೆ ಹಿಂದೆ ಮುಂದೆ ಬಾಗಿರುವುದೂ ಗೊತ್ತಾಗುತ್ತದೆ. ಎರಡೂ ಕಡೆ ಒಂದೇ ಇರಬೇಕು.

ವಾಪಸ್ ಹಾಕುವಾಗ

ಬಿಚ್ಚಿದ ಕ್ರಮದ ಉಲ್ಟಾ, ಅಷ್ಟೇ. ಆದರೆ ಮೂರು ಕಡೆ ನಿಧಾನಿಸಿ. ಸೆಂಟರ್ ಬೋಲ್ಟಿನ ತಲೆ ತೂತಿನಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳು ಹಾಕಿ ಖಾತ್ರಿ ಮಾಡಿಕೊಳ್ಳಿ. ತಲೆ ಅಂಚಿನ ಮೇಲೆ ನಿಂತಿರುವಾಗ ಯು ಬೋಲ್ಟ್ ಬಿಗಿದರೆ ಮೇಲಿಂದ ಎಲ್ಲ ಸರಿಯಾಗಿಯೇ ಕಾಣುತ್ತದೆ, ಗಾಡಿ ಮಾತ್ರ ಎಳೆಯುತ್ತದೆ. ಯು ಬೋಲ್ಟ್, ನಟ್ ಎರಡೂ ಹೊಸದು. ಎದುರುಬದುರಾಗಿ ಹಂತ ಹಂತವಾಗಿ ಬಿಗಿದು, ಕೊನೆಯ ಬಿಗಿತವನ್ನು ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಕೊಡಿ. ಹಳೇ ಸ್ಪ್ಲಿಟ್ ಪಿನ್‌ಗಳನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಜಿಪುಣತನ ಬೇಡ.

ಟೋ ಹೊಂದಿಸುವುದು ಎಲ್ಲದಕ್ಕಿಂತ ಕೊನೆಗೆ. ಟೈರಿನ ನಡುಗೆರೆಗೆ ಸೀಮೆಸುಣ್ಣದ ಗುರುತು ಹಾಕಿ, ಹಬ್‌ನ ಎತ್ತರದಲ್ಲಿ ಮುಂದಿನ ದೂರ ಅಳೆಯಿರಿ. ಅದೇ ಗುರುತು ಹಿಂದಕ್ಕೆ ಬರುವಂತೆ ಗಾಡಿ ಉರುಳಿಸಿ ಮತ್ತೆ ಅಳೆಯಿರಿ. ಮುಂದಿನ ಅಳತೆ ಸ್ವಲ್ಪ ಕಡಿಮೆ ಇರಬೇಕು, ಎಷ್ಟು ಎನ್ನುವುದು ಪುಸ್ತಕದಲ್ಲಿದೆ. ರೇಡಿಯಲ್ ಟೈರ್‌ಗೆ ಅದು ಬಹಳ ಸಣ್ಣ ಅಂಕಿ.

ಮೊದಲ ಓಡಾಟ ಖಾಲಿ ಗಾಡಿಯಲ್ಲಿ, ನಿಧಾನವಾಗಿ. ಹೊರಡುವ ಮೊದಲು ಗಾಳಿ ತುಂಬಿ, ಬ್ರೇಕ್ ಒತ್ತಿಸಿ, ಹೋಸ್ ಸಂದುಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಸ್ಟೇರಿಂಗ್ ಎರಡೂ ಕಡೆಯ ಕೊನೆಗೆ ತಿರುಗಿಸಿದಾಗ ಹೋಸ್ ಬಿಗಿಯಾಗಬಾರದು, ಟೈರಿಗೆ ತಾಗಬಾರದು. ಒಂದಿಷ್ಟು ದೂರ ಹೋಗಿ ನಿಲ್ಲಿಸಿ, ಎರಡೂ ಹಬ್ ಹತ್ತಿರ ಅಂಗೈನ ಹಿಂಭಾಗ ತಂದು ನೋಡಿ. ಒಂದು ಮಾತ್ರ ಬಿಸಿ ಇದ್ದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಉಜ್ಜುತ್ತಿದೆ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಸ್ಲ್ಯಾಕ್ ಅಡ್ಜಸ್ಟರ್ ಸಡಿಲಿಸಿದ ಮೇಲೂ ಭಾರವಾಗಿಯೇ ತಿರುಗಿದರೆ ಬೇರಿಂಗ್ ನಟ್ ಮತ್ತೆ ಹೊಂದಿಸಬೇಕು. ವೀಲ್ ನಟ್‌ಗಳನ್ನು 100 ಕಿ.ಮೀ. ಒಳಗೆ ಮತ್ತೊಮ್ಮೆ ಟಾರ್ಕ್ ಮಾಡಿ. ಯು ಬೋಲ್ಟ್‌ಗಳನ್ನು ಕೆಲವು ನೂರು ಕಿ.ಮೀ. ಆದ ಮೇಲೆ, ಗಾಡಿಗೆ ಲೋಡ್ ಹತ್ತಿ ಪಟ್ಟಿಗಳು ಕೂತ ನಂತರ ಇನ್ನೊಮ್ಮೆ ಬಿಗಿಯಿರಿ.